ಆಮ್ಲೀಯ ಅನಿಲ ನೀರಿನಲ್ಲಿ ಕರಗಿದಾಗ ಪಿಎಚ್ ಎಷ್ಟು? ಲೆಕ್ಕ ಮತ್ತು ಅಳತೆಯ ಸಮಗ್ರ ಮಾರ್ಗದರ್ಶಿ

ಕಾರ್ಬನ್ ಡೈಆಕ್ಸೈಡಿಗೆ ಹೆಚ್ಚುಕಡಿಮೆ ಸರಿಯಾದ ಉತ್ತರ ಕೊಡುವ ಒಂದು ತಪ್ಪು ವಿಧಾನವಿದೆ. ಅದೇ ವಿಧಾನವನ್ನು ಸಲ್ಫರ್ ಡೈಆಕ್ಸೈಡಿಗೆ ಹಚ್ಚಿದರೆ ಉತ್ತರ ಎರಡು ಪಿಎಚ್ ಅಂಕದಷ್ಟು, ಅಂದರೆ ಆಮ್ಲೀಯತೆಯಲ್ಲಿ ನೂರು ಪಟ್ಟು, ಹೊರಳಿಹೋಗುತ್ತದೆ. ಈ ವಿಷಯದಲ್ಲಿ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಅನಿಲ ನೀರಿಗಿಳಿದ ಮೇಲೆ ಅಲ್ಲಿ ಅಣುವಾಗಿಯೇ ಉಳಿದ ಭಾಗ, ಅಯಾನುಗಳಾಗಿ ಒಡೆದ ಭಾಗ ಮತ್ತು ಇವೆರಡರ ಮೊತ್ತ ಎಂಬ ಮೂರು ಬೇರೆ ಬೇರೆ ಖಾತೆಗಳಿರುತ್ತವೆ. ಕರಗುವ ಅನಿಲದ ಪ್ರಮಾಣ ಅದರ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ ಎನ್ನುವ ಹೆನ್ರಿಯ ನಿಯಮ ಮಾತನಾಡುವುದು ಮೊದಲನೆಯ ಖಾತೆಯ ಬಗ್ಗೆ ಮಾತ್ರ. ಖಾತೆಗಳನ್ನು ಬೆರೆಸದೆ ಲೆಕ್ಕ ಹಾಕುವ ಕ್ರಮವನ್ನೂ, ಆ ಲೆಕ್ಕವನ್ನು ಪ್ರಯೋಗಾಲಯದಲ್ಲಿ ಒರೆಗೆ ಹಚ್ಚುವ ಕ್ರಮವನ್ನೂ ಕೆಳಗೆ ವಿವರಿಸಲಾಗಿದೆ.

ಕೈಯಲ್ಲಿ ಇರಬೇಕಾದವು

ಲೆಕ್ಕಕ್ಕೆ ಬೇಕಾದದ್ದು ಅನಿಲದ ಹೆನ್ರಿ ಸ್ಥಿರಾಂಕ, ಆಮ್ಲದ ವಿಯೋಜನ ಸ್ಥಿರಾಂಕ (ಆಮ್ಲ ಎಷ್ಟರಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆ ಎಂಬುದರ ಅಳತೆ), ನೀರಿನ ಉಷ್ಣಾಂಶ, ಅನಿಲದ ಆಂಶಿಕ ಒತ್ತಡ ಮತ್ತು ನೀರಿನಲ್ಲಿ ಮೊದಲೇ ಕ್ಷಾರವೇನಾದರೂ ಇದೆಯೇ ಎಂಬ ಮಾಹಿತಿ. ಈ ಐದರಲ್ಲಿ ಒಂದು ತಿಳಿಯದಿದ್ದರೂ ಮುಂದೆ ಹೋಗಬೇಡಿ. ಊಹಿಸಿ ತುಂಬಿದ ಸಂಖ್ಯೆ ಕೊನೆಯಲ್ಲಿ ಯಾವ ಹಂತದ ತಪ್ಪೆಂದು ಗುರುತಿಸಲಾಗದಂತೆ ಉತ್ತರದೊಳಗೆ ಅಡಗಿ ಕುಳಿತುಬಿಡುತ್ತದೆ.

ಅಳತೆಗೆ ಎರಡು ಬಫರ್ ದ್ರಾವಣಗಳಲ್ಲಿ (ಪಿಎಚ್ 4 ಮತ್ತು 7) ಹೊಂದಿಸಿದ ಪಿಎಚ್ ಮೀಟರ್, ಕುದಿಸಿ ಆರಿಸಿದ ಆಸವಿತ ನೀರು, ಎರಡು ಅನಿಲ ತೊಳೆಯುವ ಬಾಟಲಿಗಳು, ಉಷ್ಣಮಾಪಕ, ಮುಚ್ಚಳವಿರುವ ಬೀಕರ್ ಹಾಗೂ ಮ್ಯಾಗ್ನೆಟಿಕ್ ಸ್ಟರರ್ ಬೇಕು.

ಹಂತ 1: ಅನಿಲ ಯಾವ ಗುಂಪಿನದೆಂದು ಮೊದಲೇ ತೀರ್ಮಾನಿಸಿ

ನೀರಿನೊಡನೆ ವರ್ತಿಸುವ ರೀತಿಯಲ್ಲಿ ಆಮ್ಲೀಯ ಅನಿಲಗಳೆಲ್ಲ ಒಂದೇ ಅಲ್ಲ. ಕಾರ್ಬನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ದುರ್ಬಲ ಆಮ್ಲಗಳ ಗುಂಪಿಗೆ ಸೇರುತ್ತವೆ. ಇವು ಅಣುವಾಗಿಯೂ ಅಯಾನಾಗಿಯೂ ನೀರಿನಲ್ಲಿರುತ್ತವೆ, ಮತ್ತು ಈ ಮಾರ್ಗದರ್ಶಿಯ ಕ್ರಮ ಇವುಗಳಿಗೆ ನೇರವಾಗಿ ಅನ್ವಯಿಸುತ್ತದೆ.

ಹೈಡ್ರೋಜನ್ ಕ್ಲೋರೈಡ್ ಹಾಗಲ್ಲ. ಸಾರರಿಕ್ತ (ನೀರು ಹೆಚ್ಚಿರುವ) ದ್ರಾವಣದಲ್ಲಿ ಅದು ಪೂರ್ತಿಯಾಗಿ ಒಡೆಯುತ್ತದೆ, ಅಣುವಿನ ಖಾತೆಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಏನೂ ಉಳಿಯುವುದಿಲ್ಲ. ಆದ್ದರಿಂದ ಅದಕ್ಕೆ ಹೆನ್ರಿಯ ನಿಯಮವನ್ನು ಹಚ್ಚಲು ಹೋಗದೆ, ಕರಗಿದ ಮೋಲ್‌ಗಳನ್ನು ಲೀಟರಿನಿಂದ ಭಾಗಿಸಿ ಹೈಡ್ರೋಜನ್ ಅಯಾನಿನ ಸಾರತೆಯನ್ನು (ಲೀಟರಿಗೆ ಎಷ್ಟು ಮೋಲ್ ಎಂಬುದನ್ನು) ಪಡೆಯಿರಿ; ಅದರ ಲಾಗರಿದಮ್ಮಿನ ಋಣಬೆಲೆಯೇ ಪಿಎಚ್. ನೈಟ್ರೋಜನ್ ಡೈಆಕ್ಸೈಡ್ ಮೂರನೆಯ ಬಗೆಯದು: ಅದರ ಎರಡು ಅಣುಗಳು ನೀರಿನೊಡನೆ ಸೇರಿ ಒಂದು ನೈಟ್ರಿಕ್ ಆಮ್ಲ, ಒಂದು ನೈಟ್ರಸ್ ಆಮ್ಲವಾಗುತ್ತವೆ. ಬೇರೆಯೇ ವಸ್ತುವಾಗಿ ಮಾರ್ಪಟ್ಟ ಮೇಲೆ ಅದು ಸರಳ ಕರಗುವಿಕೆಯ ಲೆಕ್ಕವಲ್ಲ, ಹಾಗಾಗಿ ಇಲ್ಲಿ ಅದನ್ನು ಬಿಟ್ಟಿದ್ದೇನೆ.

ಹಂತ 2: ಹೆನ್ರಿ ಸ್ಥಿರಾಂಕದ ಏಕಮಾನವನ್ನು ಓದಿ, ಆಮೇಲೆ ಸಂಖ್ಯೆಯನ್ನು

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾರ್ಬನ್ ಡೈಆಕ್ಸೈಡಿನ ಹೆನ್ರಿ ಸ್ಥಿರಾಂಕ ಒಂದು ಕೋಷ್ಟಕದಲ್ಲಿ 0.034, ಇನ್ನೊಂದರಲ್ಲಿ 29, ಮತ್ತೊಂದರಲ್ಲಿ ಸುಮಾರು 1630, ಮಗದೊಂದರಲ್ಲಿ 0.83 ಎಂದಿರುತ್ತದೆ. ನಾಲ್ಕೂ ಸರಿಯೇ. ಮೊದಲನೆಯದು ಪ್ರತಿ ಅಟ್ಮಾಸ್ಫಿಯರ್ ಒತ್ತಡಕ್ಕೆ ಲೀಟರಿನಲ್ಲಿ ಎಷ್ಟು ಮೋಲ್ ಕರಗುತ್ತದೆ ಎಂಬುದು, ಎರಡನೆಯದು ಅದರ ವ್ಯುತ್ಕ್ರಮ. ಮೂರನೆಯದು ಒತ್ತಡವನ್ನು ಮೋಲ್ ಭಿನ್ನರಾಶಿಯಿಂದ ಭಾಗಿಸಿದಾಗ ಅಟ್ಮಾಸ್ಫಿಯರಿನಲ್ಲಿ ಬರುವ ಬೆಲೆ. ನಾಲ್ಕನೆಯದು ನೀರಿನಲ್ಲಿರುವ ಸಾರತೆಗೂ ಅನಿಲದಲ್ಲಿರುವ ಸಾರತೆಗೂ ಇರುವ ಅನುಪಾತ, ಅದಕ್ಕೆ ಏಕಮಾನವಿಲ್ಲ.

ಮೊದಲನೆಯ ಮತ್ತು ನಾಲ್ಕನೆಯ ರೂಪಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಅನಿಲ ಹೆಚ್ಚು ಕರಗುತ್ತದೆ. ಎರಡನೆಯ ಮತ್ತು ಮೂರನೆಯ ರೂಪಗಳಲ್ಲಿ ಇದು ತಿರುಗುಮುರುಗು. ಕೋಷ್ಟಕ ಯಾವ ಬಗೆಯದೆಂದು ಖಚಿತವಾಗದಿದ್ದರೆ ಆಕ್ಸಿಜನ್ನಿನ ಬೆಲೆಯನ್ನು ನೋಡಿ. ಆಕ್ಸಿಜನ್ ಕಾರ್ಬನ್ ಡೈಆಕ್ಸೈಡಿಗಿಂತ ಬಹಳ ಕಡಿಮೆ ಕರಗುವ ಅನಿಲ, ಆದ್ದರಿಂದ ಅದರ ಸಂಖ್ಯೆ ಕಾರ್ಬನ್ ಡೈಆಕ್ಸೈಡಿನದಕ್ಕಿಂತ ದೊಡ್ಡದಿದ್ದರೆ ನಿಮ್ಮ ಕೈಯಲ್ಲಿರುವುದು ತಿರುಗುಮುರುಗಾದ ರೂಪ. ಮುಂದಿನ ಲೆಕ್ಕಗಳಲ್ಲೆಲ್ಲ ಮೊದಲನೆಯ ರೂಪವನ್ನೇ ಬಳಸಿದ್ದೇನೆ: ಕಾರ್ಬನ್ ಡೈಆಕ್ಸೈಡಿಗೆ 0.034, ಹೈಡ್ರೋಜನ್ ಸಲ್ಫೈಡಿಗೆ 0.10, ಸಲ್ಫರ್ ಡೈಆಕ್ಸೈಡಿಗೆ ಸುಮಾರು 1.2.

ಉಷ್ಣಾಂಶದ ವಿಷಯದಲ್ಲಿ ಒಂದು ಎಚ್ಚರಿಕೆ. 0 ಡಿಗ್ರಿಯ ನೀರು 25 ಡಿಗ್ರಿಯ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ಹಾಗೆಂದು ಅದರ ಪಿಎಚ್ ಬಹಳ ಇಳಿಯುತ್ತದೆ ಎಂದುಕೊಳ್ಳಬೇಡಿ, ಏಕೆಂದರೆ ತಣ್ಣನೆಯ ನೀರಿನಲ್ಲಿ ಆಮ್ಲ ಒಡೆಯುವುದೂ ಕಡಿಮೆಯಾಗಿ ಇಳಿಕೆ 0.06ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೆನ್ರಿ ಸ್ಥಿರಾಂಕವನ್ನು 0 ಡಿಗ್ರಿಯದಕ್ಕೆ ಬದಲಿಸಿ ವಿಯೋಜನ ಸ್ಥಿರಾಂಕವನ್ನು 25 ಡಿಗ್ರಿಯದ್ದನ್ನೇ ಉಳಿಸಿಕೊಂಡವರಿಗೆ ಮಾತ್ರ ಅದು 0.18ರಷ್ಟು ಇಳಿದಂತೆ ಕಾಣುತ್ತದೆ. ಎರಡೂ ಸ್ಥಿರಾಂಕಗಳು ಒಂದೇ ಉಷ್ಣಾಂಶದವಾಗಿರಲಿ.

ಹಂತ 3: ಆಂಶಿಕ ಒತ್ತಡವನ್ನು ಕಂಡುಕೊಳ್ಳಿ

ಲೆಕ್ಕಕ್ಕೆ ಬೇಕಾದದ್ದು ಆ ಒಂದು ಅನಿಲದ ಒತ್ತಡ, ಒಟ್ಟು ಒತ್ತಡವಲ್ಲ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ದಶಲಕ್ಷಕ್ಕೆ 420 ಭಾಗವಿದೆ ಎಂದಿಟ್ಟುಕೊಂಡರೆ ಅದರ ಆಂಶಿಕ ಒತ್ತಡ 0.00042 ಅಟ್ಮಾಸ್ಫಿಯರ್. ಶುದ್ಧ ಅನಿಲವನ್ನೇ ನೀರಿನ ಮೇಲೆ ಹಾಯಿಸಿದಾಗಲೂ ಒತ್ತಡ ಪೂರ್ತಿ 1 ಆಗುವುದಿಲ್ಲ, ಏಕೆಂದರೆ 25 ಡಿಗ್ರಿಯಲ್ಲಿ ನೀರಾವಿ ತನ್ನ ಪಾಲಿಗೆ 0.031 ಅಟ್ಮಾಸ್ಫಿಯರನ್ನು ತೆಗೆದುಕೊಂಡು ಅನಿಲಕ್ಕೆ 0.969 ಉಳಿಸುತ್ತದೆ. ಈ ತಿದ್ದುಪಡಿಯಿಂದ ಪಿಎಚ್ ಎರಡನೆಯ ದಶಮಾಂಶದಲ್ಲಷ್ಟೇ ಕದಲುತ್ತದೆ. ಆದರೂ ಬಿಸಿನೀರಿನಲ್ಲಿ ನೀರಾವಿಯ ಪಾಲು ಬೇಗನೆ ಬೆಳೆಯುವುದರಿಂದ ಇದನ್ನು ಅಭ್ಯಾಸ ಮಾಡಿಕೊಂಡಿರುವುದು ಲೇಸು.

ಹಂತ 4: ಅಣುವಾಗಿ ಕರಗಿದ ಭಾಗವನ್ನು ಲೆಕ್ಕ ಹಾಕಿ ಬದಿಗಿಡಿ

ಸ್ಥಿರಾಂಕವನ್ನು ಆಂಶಿಕ ಒತ್ತಡದಿಂದ ಗುಣಿಸಿ. ಗಾಳಿಗೆ ತೆರೆದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ 0.034 × 0.00042, ಅಂದರೆ 1.43 × 10⁻⁵ ಮೋಲ್/ಲೀಟರ್. ಶುದ್ಧ ಅನಿಲದ ಕೆಳಗೆ 0.034 × 0.969, ಅಂದರೆ 0.033 ಮೋಲ್/ಲೀಟರ್.

ಕಾರ್ಬನ್ ಡೈಆಕ್ಸೈಡಿನ ಮಟ್ಟಿಗೆ ಇಲ್ಲೊಂದು ಗುಂಡಿಯಿದೆ. ಹೀಗೆ ಕರಗಿದ ಅಣುಗಳಲ್ಲಿ ಸುಮಾರು ಆರುನೂರರಲ್ಲಿ ಒಂದು ಮಾತ್ರ ನೀರಿನೊಡನೆ ಕೂಡಿ ನಿಜವಾದ ಕಾರ್ಬಾನಿಕ್ ಆಮ್ಲವಾಗುತ್ತದೆ, ಮಿಕ್ಕದ್ದು ಕರಗಿದ ಅನಿಲವಾಗಿಯೇ ಇರುತ್ತದೆ. ಆ ಒಂದು ಅಣು ಸಾಕಷ್ಟು ಬಲವಾದ ಆಮ್ಲವೇ, ಅದರ ಪಿಕೆಎ (ವಿಯೋಜನ ಸ್ಥಿರಾಂಕದ ಲಾಗರಿದಮ್ಮಿನ ಋಣಬೆಲೆ; ಕಡಿಮೆಯಿದ್ದಷ್ಟೂ ಆಮ್ಲ ಬಲವಾದದ್ದು) ಸುಮಾರು 3.5. ಆದರೆ ಎರಡನ್ನೂ ಒಟ್ಟಿಗೆ ಎಣಿಸಿದಾಗ ಬಳಸಬೇಕಾದ ಸಂಯುಕ್ತ ಪಿಕೆಎ 6.35, ಅಂದರೆ ಸ್ಥಿರಾಂಕ 4.45 × 10⁻⁷. ಎಲ್ಲ ಅಣುಗಳನ್ನೂ ಎಣಿಸಿಕೊಂಡು 3.5ನ್ನು ಹಾಕಿದರೆ ಶುದ್ಧ ಅನಿಲದ ಕೆಳಗಿನ ನೀರಿಗೆ ಪಿಎಚ್ 2.5 ಬರುತ್ತದೆ. ಕಾಗದದ ಮೇಲೆ ಆ ಸಂಖ್ಯೆ ಕಂಡ ಕೂಡಲೇ ಇದೇ ತಪ್ಪೆಂದು ತಿಳಿಯಿರಿ.

ಹಂತ 5: ಪಾತ್ರೆ ತೆರೆದದ್ದೋ ಮುಚ್ಚಿದ್ದೋ ನಿರ್ಧರಿಸಿ

ಇದು ಇಡೀ ಲೆಕ್ಕದ ತಿರುವು, ಇಲ್ಲಿ ಅವಸರ ಮಾಡಬೇಡಿ.

ನೀರಿನ ಮೇಲೆ ಅನಿಲ ಎಡೆಬಿಡದೆ ಹರಿಯುತ್ತಿದ್ದರೆ ಅಥವಾ ನೀರು ಬಯಲಿನ ಗಾಳಿಗೆ ತೆರೆದಿದ್ದರೆ, ಒಡೆದುಹೋದ ಪ್ರತಿ ಅಣುವಿನ ಜಾಗಕ್ಕೂ ಮೇಲಿನಿಂದ ಮತ್ತೊಂದು ಅಣು ಇಳಿಯುತ್ತದೆ. ಹಾಗಾಗಿ ನಾಲ್ಕನೆಯ ಹಂತದ ಸಂಖ್ಯೆ ಕೊನೆಯವರೆಗೂ ಅಲುಗದೆ ನಿಲ್ಲುತ್ತದೆ. ದುರ್ಬಲ ಆಮ್ಲದ ಲೆಕ್ಕಗಳನ್ನು ಮಾಡಿ ಪಳಗಿದ ಕೈ ಮಾತ್ರ ತನ್ನಷ್ಟಕ್ಕೆ ತಾನೇ 'ಮೊದಲಿದ್ದ ಸಾರತೆಯಿಂದ ಒಡೆದದ್ದನ್ನು ಕಳೆ' ಎಂದು ಬರೆದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಹಾಗೆ ಕಳೆಯಲೇಬಾರದು. ಆರಂಭದಲ್ಲಿ ಹೇಳಿದ ತಪ್ಪು ವಿಧಾನ ಇದೇ.

ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಗಾಳಿಗೆ ತೆರೆದ ಶುದ್ಧ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡಿನ ಸರಿಯಾದ ಪಿಎಚ್ 5.60, ಕಳೆದು ಲೆಕ್ಕ ಹಾಕಿದರೆ 5.64. ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಈಗ ದಶಲಕ್ಷಕ್ಕೆ 1 ಭಾಗ ಸಲ್ಫರ್ ಡೈಆಕ್ಸೈಡ್ ಇರುವ ಗಾಳಿಯನ್ನು ತೆಗೆದುಕೊಳ್ಳಿ, ಅದರ ವಿಯೋಜನ ಸ್ಥಿರಾಂಕ 1.3 × 10⁻². ಸರಿಯಾದ ಪಿಎಚ್ 3.90, ಕಳೆದು ಹಾಕಿದರೆ 5.92. ಅಣುವಾಗಿ ನಿಲ್ಲುವ ಪ್ರಮಾಣ ಕೇವಲ 1.2 × 10⁻⁶ ಮೋಲ್/ಲೀಟರ್. ಕಳೆಯುವ ವಿಧಾನ ಅಷ್ಟನ್ನೇ ಒಡೆದು ಮುಗಿಸಿ ಕೈಚೆಲ್ಲುತ್ತದೆ, ಆದರೆ ನಿಜವಾದ ಪಾತ್ರೆಯಲ್ಲಿ ಗಾಳಿ ಅದನ್ನು ಮತ್ತೆ ಮತ್ತೆ ತುಂಬುತ್ತಲೇ ಇರುತ್ತದೆ.

ಬಿರಡೆ ಬಿಗಿದ ಪಾತ್ರೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಅನಿಲದ ಒಟ್ಟು ಮೋಲ್‌ಗಳು ಸ್ಥಿರ, ಒತ್ತಡವೇ ಇಳಿಯುತ್ತದೆ. ಒಂದು ಲೀಟರ್ ನೀರಿನ ಮೇಲೆ ಒಂದು ಲೀಟರ್ ಕಾರ್ಬನ್ ಡೈಆಕ್ಸೈಡನ್ನು 1 ಅಟ್ಮಾಸ್ಫಿಯರಿನಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಚೆನ್ನಾಗಿ ಕುಲುಕಿದರೆ 0.83 ಎಂಬ ಅನುಪಾತದಂತೆ ಶೇ. 45ರಷ್ಟು ಅನಿಲ ನೀರಿಗಿಳಿದು ಅದರ ಒತ್ತಡ 0.55ಕ್ಕೆ ಕುಸಿಯುತ್ತದೆ. ಏಕಮಾನವಿಲ್ಲದ ಆ ರೂಪ ಉಪಯೋಗಕ್ಕೆ ಬರುವುದು ಇಂಥಲ್ಲಿಯೇ.

ಹಂತ 6: ಆವೇಶಗಳ ಸಮೀಕರಣ ಬರೆದು ಪಿಎಚ್ ಪಡೆಯಿರಿ

ದ್ರಾವಣದಲ್ಲಿ ಧನಾವೇಶವೂ ಋಣಾವೇಶವೂ ಸಮವಾಗಿರಬೇಕು. ಶುದ್ಧ ನೀರಿನಲ್ಲಿ ಧನಾವೇಶವೆಂದರೆ ಹೈಡ್ರೋಜನ್ ಅಯಾನು ಮಾತ್ರ. ಋಣಾವೇಶದ ಕಡೆ ಬೈಕಾರ್ಬೊನೇಟ್ (ಅಥವಾ ಬೈಸಲ್ಫೈಟ್), ಎರಡು ಪಟ್ಟು ಕಾರ್ಬೊನೇಟ್ (ಅಥವಾ ಸಲ್ಫೈಟ್) ಮತ್ತು ಹೈಡ್ರಾಕ್ಸೈಡ್ ಇರುತ್ತವೆ. ಕೊನೆಯ ಎರಡನ್ನು ತಾತ್ಕಾಲಿಕವಾಗಿ ಬಿಟ್ಟರೆ ಉಳಿಯುವ ಸೂತ್ರ ಇಷ್ಟೇ:

ಹೈಡ್ರೋಜನ್ ಅಯಾನಿನ ಸಾರತೆ = √(ವಿಯೋಜನ ಸ್ಥಿರಾಂಕ × ಅಣುವಾಗಿ ಕರಗಿದ ಸಾರತೆ)

ಸಲ್ಫರ್ ಡೈಆಕ್ಸೈಡಿಗೆ √(1.3 × 10⁻² × 1.2 × 10⁻⁶) = 1.25 × 10⁻⁴, ಪಿಎಚ್ 3.90. ಶುದ್ಧ ಕಾರ್ಬನ್ ಡೈಆಕ್ಸೈಡಿನ ಕೆಳಗೆ √(4.45 × 10⁻⁷ × 0.033) = 1.21 × 10⁻⁴, ಪಿಎಚ್ 3.92. ಎರಡು ಉತ್ತರಗಳೂ ಬಹುತೇಕ ಒಂದೇ ಎಂಬುದನ್ನು ಗಮನಿಸಿ: ದಶಲಕ್ಷಕ್ಕೆ ಒಂದು ಭಾಗ ಸಲ್ಫರ್ ಡೈಆಕ್ಸೈಡ್ ನೀರನ್ನು ಹುಳಿಯಾಗಿಸುವಷ್ಟೇ ಹುಳಿಯಾಗಿಸಲು ಕಾರ್ಬನ್ ಡೈಆಕ್ಸೈಡ್ ಇಡೀ ವಾತಾವರಣವನ್ನೇ ಆವರಿಸಬೇಕಾಗುತ್ತದೆ.

ಬಿಟ್ಟಿದ್ದ ಎರಡನ್ನು ಈಗ ಪರೀಕ್ಷಿಸಿ. ಈ ಸ್ಥಿತಿಯಲ್ಲಿ ಹೈಡ್ರೋಜನ್ ಅಯಾನೂ ಬೈಸಲ್ಫೈಟೂ ಸಮವಾಗಿರುವುದರಿಂದ ಸಲ್ಫೈಟಿನ ಸಾರತೆ ಎರಡನೆಯ ವಿಯೋಜನ ಸ್ಥಿರಾಂಕಕ್ಕೇ ಸಮ, ಅಂದರೆ 6 × 10⁻⁸ರ ಸುಮಾರು. 1.25 × 10⁻⁴ರ ಮುಂದೆ ಅದು ನಗಣ್ಯ, ಹೈಡ್ರಾಕ್ಸೈಡ್ ಅದಕ್ಕಿಂತಲೂ ಕಡಿಮೆ. ಪರೀಕ್ಷೆಯಲ್ಲಿ ಇವುಗಳ ಪಾಲು ಶೇ. 5ನ್ನು ಮೀರಿದರೆ ಪೂರ್ಣ ಸಮೀಕರಣವನ್ನೇ ಬಿಡಿಸಬೇಕು. ಅಯಾನುಗಳ ಸಾರತೆ 0.01 ಮೋಲ್/ಲೀಟರನ್ನು ದಾಟಿದರೂ ಈ ಸೂತ್ರದ ಉತ್ತರ ಸ್ಥೂಲ ಅಂದಾಜಷ್ಟೇ.

ವರ್ಗಮೂಲದಿಂದಾಗಿ ಒತ್ತಡ ನೂರು ಪಟ್ಟಾದರೆ ಪಿಎಚ್ ಒಂದೇ ಅಂಕ ಇಳಿಯುತ್ತದೆ. ಹಿಂದಿನ ಹಂತದ ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹತ್ತಿರಹತ್ತಿರ ಅರ್ಧವಾದರೂ ಪಿಎಚ್ 4.04ಕ್ಕಿಂತ ಮೇಲೇರುವುದಿಲ್ಲ. ಒತ್ತಡ ಅರ್ಧವಾದ ಮಾತ್ರಕ್ಕೆ ನಿಮ್ಮ ಲೆಕ್ಕದಲ್ಲಿ ಪಿಎಚ್ 0.15ರ ಬದಲು 0.3ರಷ್ಟು ಏರಿದ್ದರೆ ಎಲ್ಲೋ ವರ್ಗಮೂಲ ಬಿಟ್ಟುಹೋಗಿದೆ.

ಹಂತ 7: ಒಟ್ಟು ಕರಗಿದ್ದನ್ನು ಕೂಡಿ, ನೀರಿನ ಕ್ಷಾರತೆಯನ್ನು ಸೇರಿಸಿ

ಅಣು ಮತ್ತು ಅಯಾನುಗಳನ್ನು ಕೂಡಿದರೆ ಒಟ್ಟು ಕರಗಿದ ಅನಿಲ ಸಿಗುತ್ತದೆ. ಮೇಲಿನ ಸಲ್ಫರ್ ಡೈಆಕ್ಸೈಡಿನ ಉದಾಹರಣೆಯಲ್ಲಿ ಅದು 1.26 × 10⁻⁴, ಅಂದರೆ ಹೆನ್ರಿಯ ನಿಯಮ ನೇರವಾಗಿ ಕೊಟ್ಟದ್ದರ ನೂರು ಪಟ್ಟಿಗೂ ಹೆಚ್ಚು. ಒಟ್ಟು ಮೊತ್ತವನ್ನು ಒಯ್ದು ಹೆನ್ರಿಯ ಸೂತ್ರದಲ್ಲಿ ಹಾಕಿ ಒತ್ತಡವನ್ನು ತೆಗೆಯಲು ಹೊರಟವರು ಎಲ್ಲಿಗೆ ತಲುಪುತ್ತಾರೆಂಬುದು ಇದರಿಂದ ಸ್ಪಷ್ಟ.

ನೀರು ಶುದ್ಧವಲ್ಲದಿದ್ದರೆ ವರ್ಗಮೂಲದ ಸೂತ್ರ ಕೆಲಸ ಮಾಡದು. ಲೀಟರಿಗೆ 0.001 ಮೋಲ್ ಬೈಕಾರ್ಬೊನೇಟ್ ಇರುವ ನೀರು ಗಾಳಿಗೆ ತೆರೆದಿದ್ದರೆ ವಿಯೋಜನ ಸ್ಥಿರಾಂಕವನ್ನು 1.43 × 10⁻⁵ರಿಂದ ಗುಣಿಸಿ 0.001ರಿಂದ ಭಾಗಿಸಬೇಕು. ಉತ್ತರ 6.4 × 10⁻⁹, ಪಿಎಚ್ 8.2. ನೀರು ಕ್ಷಾರೀಯವಾದರೂ ಅಣುವಾಗಿ ಕರಗಿದ ಕಾರ್ಬನ್ ಡೈಆಕ್ಸೈಡ್ ಶುದ್ಧ ನೀರಿನಲ್ಲಿ ಎಷ್ಟಿತ್ತೋ ಅಷ್ಟೇ. ಕ್ಷಾರತೆ ಬೆಳೆಸುವುದು ಅಯಾನುಗಳ ಖಾತೆಯನ್ನು.

ಹಂತ 8: ಪ್ರಯೋಗಕ್ಕೆ ಮುನ್ನ ಸುರಕ್ಷತೆ

ಅಳತೆಯ ಅಭ್ಯಾಸವನ್ನು ಕಾರ್ಬನ್ ಡೈಆಕ್ಸೈಡಿನಿಂದಲೇ ಮಾಡಿ, ಕೋಣೆಯ ಕಿಟಕಿಗಳು ತೆರೆದಿರಲಿ. ಸಲ್ಫರ್ ಡೈಆಕ್ಸೈಡನ್ನು ಫ್ಯೂಮ್ ಹುಡ್‌ನ ಹೊರಗೆ ಮುಟ್ಟಬೇಡಿ. ಹೈಡ್ರೋಜನ್ ಸಲ್ಫೈಡನ್ನು ತರಬೇತಿ ಪಡೆದವರ ಮೇಲ್ವಿಚಾರಣೆಯಿಲ್ಲದೆ ತಯಾರಿಸಲೇಬೇಡಿ. ಕೊಳೆತ ಮೊಟ್ಟೆಯ ವಾಸನೆ ಹೋಯಿತೆಂದರೆ ಅನಿಲ ಹೋಯಿತೆಂದಲ್ಲ: ದಶಲಕ್ಷಕ್ಕೆ 100 ಭಾಗದ ಸುಮಾರಿನಲ್ಲಿ ಮೂಗೇ ಸೋತು ವಾಸನೆ ತಿಳಿಯದಂತಾಗುತ್ತದೆ.

ಬಹಳ ಬೇಗ ಕರಗುವ ಅನಿಲಗಳು ನೀರನ್ನು ಕೊಳವೆಯ ಮೂಲಕ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಹೈಡ್ರೋಜನ್ ಕ್ಲೋರೈಡನ್ನು ಕರಗಿಸುವಾಗ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸದೆ, ಅದಕ್ಕೆ ಬೋರಲಾಗಿ ಸೇರಿಸಿದ ಆಲಿಕೆಯ ಅಂಚು ನೀರಿನ ಮೇಲ್ಮೈಯನ್ನು ತುಸುವೇ ತಾಗುವಂತೆ ಇಡಿ. ನೀರು ಆಲಿಕೆಯೊಳಗೆ ಏರಿದೊಡನೆ ಹೊರಗಿನ ಮಟ್ಟ ಇಳಿದು, ಅಂಚಿನಡಿ ಗಾಳಿ ನುಗ್ಗಿ, ಎಳೆತ ತಾನಾಗಿ ಕಡಿದುಹೋಗುತ್ತದೆ. ಕೊಳವೆಯಲ್ಲಿ ನೀರು ಮೇಲೇರುವುದು ಕಂಡರೆ ಅದೇ ಅಪಾಯದ ಸೂಚನೆ.

ಹಂತ 9: ನೀರನ್ನು ಸಿದ್ಧಪಡಿಸಿ, ಅನಿಲವನ್ನು ತೊಳೆದು ಹಾಯಿಸಿ

ಆಸವಿತ ನೀರನ್ನು ಹತ್ತು ಹದಿನೈದು ನಿಮಿಷ ಕುದಿಸಿ, ಮುಚ್ಚಿಟ್ಟು 25 ಡಿಗ್ರಿಗೆ ಆರಿಸಿ. ನಲ್ಲಿ ನೀರು ಬೇಡ. ಅದರಲ್ಲಿ ಹಿಂದಿನ ಉದಾಹರಣೆಯಷ್ಟು ಬೈಕಾರ್ಬೊನೇಟ್ ಇದ್ದರೂ ಶುದ್ಧ ಅನಿಲದ ಕೆಳಗೆ ಪಿಎಚ್ 3.9ರ ಬದಲು 4.8ರಲ್ಲೇ ನಿಂತುಬಿಡುತ್ತದೆ. ಶುದ್ಧ ನೀರು ವಿದ್ಯುತ್ತನ್ನು ಸರಿಯಾಗಿ ಹರಿಸದ ಕಾರಣ ಮೀಟರಿನ ಓದು ಅಲೆದಾಡುತ್ತದೆ. ಲೀಟರಿಗೆ 0.01 ಮೋಲ್‌ನಂತೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರೆ ಅದು ಸ್ಥಿರವಾಗುತ್ತದೆ, ಪಿಎಚ್ ಗಮನಾರ್ಹವಾಗಿ ಬದಲಾಗುವುದೂ ಇಲ್ಲ.

ಅಮೃತಶಿಲೆಯ ಚೂರುಗಳಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಅನಿಲ ಪಡೆಯಿರಿ. ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಚೂರುಗಳ ಮೇಲೆ ಕ್ಯಾಲ್ಸಿಯಂ ಸಲ್ಫೇಟಿನ ಪದರ ಕಟ್ಟಿ ಕ್ರಿಯೆ ನಿಂತುಹೋಗುತ್ತದೆ. ಹೊರಟ ಅನಿಲವನ್ನು ಮೊದಲು ಸೋಡಿಯಂ ಬೈಕಾರ್ಬೊನೇಟಿನ ಸಂತೃಪ್ತ ದ್ರಾವಣದಲ್ಲಿ, ನಂತರ ನೀರಿನಲ್ಲಿ ತೊಳೆದು, ಮೊದಲ ಕೆಲವು ನಿಮಿಷದ ಅನಿಲವನ್ನು ಹೊರಗೆ ಬಿಟ್ಟು, ಆಮೇಲೆ ಬೀಕರಿಗೆ ಹಾಯಿಸಿ. ಈ ಮೊದಲ ತೊಳೆತವನ್ನು ಬಿಟ್ಟು ನಾನೇ ಒಮ್ಮೆ ಅರ್ಧ ದಿನ ಕಳೆದುಕೊಂಡಿದ್ದೇನೆ. ಮೀಟರ್ 3.2 ತೋರಿಸುತ್ತಿತ್ತು, ನಾನು ಬಫರ್‌ಗಳನ್ನು ಮೂರು ಬಾರಿ ಬದಲಿಸಿದೆ, ಮೀಟರನ್ನೂ ಬದಲಿಸಿದೆ. ತಪ್ಪು ಅನಿಲದೊಡನೆ ತೇಲಿಬಂದಿದ್ದ ಹೈಡ್ರೋಕ್ಲೋರಿಕ್ ಆಮ್ಲದ ತುಂತುರಿನದಾಗಿತ್ತು.

ಬೀಕರಿನ ಮುಚ್ಚಳದಲ್ಲಿ ಅನಿಲ ಹೊರಹೋಗಲು ಸಣ್ಣ ರಂಧ್ರವಿರಲಿ. ಪೂರ್ತಿ ಮುಚ್ಚಿದರೆ ಒತ್ತಡ ಏರುತ್ತದೆ, ಪೂರ್ತಿ ತೆರೆದರೆ ಗಾಳಿ ಬೆರೆಯುತ್ತದೆ. ಗುಳ್ಳೆಗಳು ಸಣ್ಣವಾದಷ್ಟೂ, ಕಲಕುವಿಕೆ ಚುರುಕಾದಷ್ಟೂ ಸಮತೋಲನ ಬೇಗ ಬರುತ್ತದೆ. ಐದು ನಿಮಿಷದಲ್ಲಿ ಓದು 0.02ಕ್ಕಿಂತ ಹೆಚ್ಚು ಕದಲದಿದ್ದಾಗ ಮಾತ್ರ ಬರೆದುಕೊಳ್ಳಿ. ಮುಗಿದ ಮೇಲೆ ಮೊದಲು ಕೊಳವೆಯನ್ನು ನೀರಿನಿಂದ ಮೇಲೆತ್ತಿ, ನಂತರ ಅನಿಲವನ್ನು ನಿಲ್ಲಿಸಿ.

ಹಂತ 10: ಓದನ್ನು ಲೆಕ್ಕದೊಡನೆ ಹೋಲಿಸಿ

25 ಡಿಗ್ರಿಯಲ್ಲಿ, ಶುದ್ಧ ಅನಿಲದ ಕೆಳಗೆ 3.9 ಬರಬೇಕು, 0.1ರಷ್ಟು ಅತ್ತಿತ್ತ ಆದರೆ ಚಿಂತೆಯಿಲ್ಲ.

ಓದು 4.1ರಿಂದ 4.4ರ ನಡುವೆ ನಿಂತರೆ ಅನಿಲಕ್ಕೆ ಗಾಳಿ ಬೆರೆತಿರಬಹುದು ಅಥವಾ ಸಮತೋಲನಕ್ಕೆ ಮುನ್ನವೇ ಓದಿರಬಹುದು. ಇನ್ನೂ ಹತ್ತು ನಿಮಿಷ ಹಾಯಿಸಿ ನೋಡಿ. 4.8ರ ಹತ್ತಿರವಿದ್ದರೆ ನೀರಿನಲ್ಲಿ ಕ್ಷಾರವಿದೆ. ಮೊದಲ ಬಾಟಲಿಯ ಬೈಕಾರ್ಬೊನೇಟ್ ಗುಳ್ಳೆಗಳೊಡನೆ ಬೀಕರಿನವರೆಗೆ ಸಿಡಿದು ಬಂದಿರುವ ಸಾಧ್ಯತೆಯನ್ನೂ ಮರೆಯಬೇಡಿ.

ಓದು 3.7ಕ್ಕಿಂತ ಕೆಳಗಿಳಿದರೆ ಪ್ರಬಲ ಆಮ್ಲ ಸೇರಿದೆ, ಏಕೆಂದರೆ ಸಾಮಾನ್ಯ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ನೀರನ್ನು ಅಲ್ಲಿಗೆ ಇಳಿಸಲಾರದು. ಖಚಿತಪಡಿಸಿಕೊಳ್ಳಲು ಪೊಟ್ಯಾಸಿಯಂ ಕ್ಲೋರೈಡ್ ಹಾಕದ ನೀರಿನಲ್ಲಿ ಪ್ರಯೋಗವನ್ನು ಮತ್ತೆ ಮಾಡಿ, ಆ ದ್ರಾವಣಕ್ಕೆ ಎರಡು ಹನಿ ಸಾರರಿಕ್ತ ನೈಟ್ರಿಕ್ ಆಮ್ಲ, ಬಳಿಕ ಸಿಲ್ವರ್ ನೈಟ್ರೇಟ್ ಹಾಕಿ. ಬಿಳಿಯ ಒತ್ತರ ಕಂಡರೆ ಕ್ಲೋರೈಡ್ ಬಂದಿದೆ, ತೊಳೆಯುವ ಬಾಟಲಿಯನ್ನು ಬದಲಿಸಬೇಕು.

ಸಲ್ಫರ್ ಡೈಆಕ್ಸೈಡಿನ ದ್ರಾವಣದಲ್ಲಿ ಅನಿಲ ನಿಲ್ಲಿಸಿದ ಮೇಲೂ ಪಿಎಚ್ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತಿದ್ದರೆ ಮೀಟರನ್ನು ಸಂಶಯಿಸಬೇಡಿ. ಗಾಳಿಯ ಆಕ್ಸಿಜನ್ ಬೈಸಲ್ಫೈಟನ್ನು ಸಲ್ಫೇಟಾಗಿಸಿ ಪ್ರಬಲ ಆಮ್ಲವನ್ನು ಉಂಟುಮಾಡುತ್ತಿರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಮಾದರಿಗೆ ಬೇರಿಯಂ ಕ್ಲೋರೈಡ್ ಹಾಕಿದಾಗ ಕರಗದೆ ಉಳಿಯುವ ಬಿಳಿಯ ಒತ್ತರ ಅದರ ಗುರುತು. ಅಂಥ ದ್ರಾವಣದ ಓದನ್ನು ಲೆಕ್ಕಕ್ಕೆ ಹಿಡಿಯದೆ, ಹೊಸ ನೀರಿನಿಂದ ಮತ್ತೆ ಆರಂಭಿಸಿ.